ಶುದ್ಧಣ್ಣನವರ ಸೋಮಾರಿ ಪ್ರೋಗ್ರಾಂ

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ನಗರ ಸಾರಿಗೆ ಕಚೇರಿಯ ಮೂರನೆಯ ಮಹಡಿಯಲ್ಲಿ, ಶುದ್ಧಣ್ಣನವರು ಬರೆದ ಹೊಸ ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಮುಗಿಯಿತೆಂದು ಪರದೆಯೇ ಹೇಳುತ್ತಿತ್ತು. ಮುಗಿದ ಸಮಯದಿಂದ ಶುರುವಾದ ಸಮಯವನ್ನು ಕಳೆದರೆ ಉಳಿದದ್ದು ಸೊನ್ನೆ. ಮುಂದಿನ ವಾರ ಯಾವ ಡ್ರೈವರ್ ಯಾವ ಬಸ್ಸು ಓಡಿಸಬೇಕು, ಯಾವ ಪಾಳಿ, ಯಾರಿಗೆ ಯಾವ ದಿನ ರಜೆ ಎಂದು ಹಂಚುವ ಕೆಲಸ ಅದು. ಹಳೆಯ ಪ್ರೋಗ್ರಾಂ ಇದಕ್ಕೆ ಮೂರು ಗಂಟೆ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಇಡೀ ವಿಭಾಗ ಎರಡು ಸಲ ಚಹಾ ಕುಡಿದು, ಒಂದು ಸಲ ಜಗಳವಾಡಿ, ರಾಜಿಯಾಗಿ, ಊಟಕ್ಕೆ ಹೋಗಿ ಬರುತ್ತಿತ್ತು.

ಶುದ್ಧಣ್ಣ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಕ್ಯಾಂಟೀನಿನವರು ಇಟ್ಟದ್ದು. ನಲವತ್ತೆಂಟನೆಯ ವಯಸ್ಸಿನಲ್ಲಿ ಅವರು ಫಂಕ್ಷನಲ್ ಎಂಬ ಪಂಗಡಕ್ಕೆ ಸೇರಿದ ಒಂದು ಕಂಪ್ಯೂಟರ್ ಭಾಷೆಯನ್ನು ಯಾರೂ ಹೇಳದೆಯೇ ಕಲಿಯಲು ಶುರುಮಾಡಿದ್ದರು. ಈ ಭಾಷೆಯಲ್ಲಿ ಫಂಕ್ಷನ್ ಎಂದರೆ ಹಿಟ್ಟಿನ ಗಿರಣಿ ಇದ್ದ ಹಾಗೆ. ಒಂದು ಕಡೆ ಕಾಳು ಹಾಕಿದರೆ ಇನ್ನೊಂದು ಕಡೆ ಹಿಟ್ಟು ಬರಬೇಕು. ನಡುವೆ ಗಿರಣಿ ಗಡಿಯಾರ ನೋಡಕೂಡದು, ಫೋನು ಎತ್ತಕೂಡದು, ಪಕ್ಕದ ಮನೆಯ ಸುದ್ದಿಗೆ ಹೋಗಕೂಡದು. ಅಂಥ ಫಂಕ್ಷನ್ನಿಗೆ ಶುದ್ಧ ಎನ್ನುತ್ತಾರೆ. ಶುದ್ಧಣ್ಣನವರು ಆ ಮಾತನ್ನು ಚಹಾ ಬಟ್ಟಲ ಮುಂದೆ ಎಷ್ಟು ಸಲ ಹೇಳಿದ್ದರೆಂದರೆ, ಕ್ಯಾಂಟೀನಿನವರಿಗೆ ಹೆಸರಿಡದೆ ಬೇರೆ ದಾರಿ ಇರಲಿಲ್ಲ.

ನಡೆದ ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆ ಸೋಮವಾರ ಪ್ರೋಗ್ರಾಂ ಏನೂ ಮಾಡಿರಲಿಲ್ಲ.

ಈ ಭಾಷೆಗೆ ಇನ್ನೊಂದು ಗುಣವಿದೆ. ಕಸುಬಿನವರು ಅದನ್ನು ಸೋಮಾರಿ ಎಂದೇ ಕರೆಯುತ್ತಾರೆ, ಬೈಗುಳವಲ್ಲ, ಹೊಗಳಿಕೆ. ಉತ್ತರವನ್ನು ಯಾರಾದರೂ ಕಣ್ಣಿಟ್ಟು ನೋಡುವವರೆಗೆ ಅದು ಲೆಕ್ಕಕ್ಕೆ ಕೈಹಾಕುವುದಿಲ್ಲ. 'ಕೇಳಿದಾಗ ಮಾಡುತ್ತೇನೆ' ಎಂದು ಒಂದು ಚೀಟಿ ಬರೆದಿಟ್ಟು ಕಾಲು ಚಾಚುತ್ತದೆ. ಬೇಡದ ಲೆಕ್ಕ ಮಾಡುವ ಶ್ರಮ ಉಳಿಯುತ್ತದೆ ಎಂಬುದು ಇದರ ಲಾಭ. ಶುದ್ಧಣ್ಣನವರ ಪ್ರೋಗ್ರಾಂ ಸಮಯ ನೋಡಿಕೊಂಡಿತು, ಡ್ಯೂಟಿ ಹಂಚುವುದಾಗಿ ಮಾತು ಕೊಟ್ಟಿತು, ಮತ್ತೆ ಸಮಯ ನೋಡಿಕೊಂಡಿತು. ಹಂಚಿಕೆಯನ್ನು ತೋರಿಸು ಎಂದು ಯಾರೂ ಕೇಳಲಿಲ್ಲ. ಅವರ ಬಳಿಯಿದ್ದ ದಪ್ಪ ಪುಸ್ತಕದಲ್ಲಿ ಈ ಬಗ್ಗೆ ಒಂದು ಅಧ್ಯಾಯವೇ ಇತ್ತು. ಅದನ್ನು ಅವರು ಮುಂದೆ ಓದೋಣವೆಂದು ಬಿಟ್ಟಿದ್ದರು.

ಅವರಿಗೆ ಆತುರವಿತ್ತು. ಶುಕ್ರವಾರ ಮುಖ್ಯಾಧಿಕಾರಿಯ ಮುಂದೆ ಸಭೆ. ಡ್ಯೂಟಿ ಹಂಚುವ ಕೆಲಸವನ್ನು ಹೊರಗಿನ ಕಂಪನಿಗೆ ಕೊಡಬೇಕೇ ಬೇಡವೇ ಎಂಬುದು ಅಂದು ತೀರ್ಮಾನವಾಗಬೇಕು. ಕೊಟ್ಟರೆ ವಿಭಾಗ ಮುಚ್ಚುತ್ತದೆ, ಶುದ್ಧಣ್ಣನವರು ನೆಲಮಾಳಿಗೆಯ ಕಳೆದುಹೋದ ವಸ್ತುಗಳ ಕೌಂಟರಿಗೆ ಹೋಗುತ್ತಾರೆ. ಅಲ್ಲಿ ಜನ ಬಸ್ಸಿನಲ್ಲಿ ಮರೆತ ಕೊಡೆಗಳಿದ್ದವು, ಒಂಟಿ ಚಪ್ಪಲಿಗಳಿದ್ದವು, ಕಟ್ಟಿಸಿದ ಹಲ್ಲಿನ ಒಂದು ಸೆಟ್ಟಿತ್ತು. ಕಂಪ್ಯೂಟರ್ ಇರಲಿಲ್ಲ.

ಆದ್ದರಿಂದ ಸೊನ್ನೆಯನ್ನು ಕಂಡವರೇ ಅವರು ಕುರ್ಚಿಯಿಂದೆದ್ದು ಮ್ಯಾನೇಜರ ಕೋಣೆಗೆ ಹೋದರು.

"ಸಾರ್, ಮುಗೀತು."

"ಏನ್ರೀ ಮುಗೀತು? ಇಂಟರ್‌ನೆಟ್ಟಾ?"

"ಅಲ್ಲ ಸಾರ್, ಡ್ಯೂಟಿ. ಕಣ್ಣು ಮಿಟುಕಿಸೋದ್ರೊಳಗೆ."

ಮ್ಯಾನೇಜರು ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟಿ ಎನ್ನುವ ಪೈಕಿ. ಎದ್ದು ಬಂದು ಸೊನ್ನೆಯನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಅಲ್ಲೇ ನಿಂತು ಮುಖ್ಯಾಧಿಕಾರಿಯ ಕಚೇರಿಗೆ ಫೋನು ಮಾಡಿದರು. "ಕಣ್ಣು ಮಿಟುಕಿಸುವ ಮೊದಲೇ" ಎಂದರು. ಮಧ್ಯಾಹ್ನ ಊಟದ ಹೊತ್ತಿಗೆ ಸುದ್ದಿ ಕ್ಯಾಂಟೀನು ಮುಟ್ಟಿದಾಗ, ಗುಂಡಿ ಒತ್ತುವ ಮೊದಲೇ ಉತ್ತರ ಬಂದಿತ್ತು.

ಮನೆಗೆ ಸುದ್ದಿಯನ್ನು ಶುದ್ಧಣ್ಣನವರೇ ಫೋನಿನಲ್ಲಿ ಮುಟ್ಟಿಸಿದರು. ಹೆಂಡತಿ ಜೆರಾಕ್ಸ್ ಅಂಗಡಿ ನಡೆಸುವವರು. ಗಿರಾಕಿಗಳ ನಡುವೆ "ಒಳ್ಳೇದಾಯ್ತು ರೀ, ಆಮೇಲೆ ಮಾತಾಡ್ತೀನಿ" ಎಂದು ಫೋನಿಟ್ಟರು. ಆದರೆ ಪಕ್ಕದ ಸ್ಟೂಲಿನ ಮೇಲೆ ಅವರ ತಮ್ಮ ಕೂತಿದ್ದ. ಈ ಭಾವಮೈದ ಒಂದು ವಾರ ಇದ್ದು ಹೋಗುತ್ತೇನೆಂದು ಬಂದವನು, ಬಂದು ಎರಡನೆಯ ವರ್ಷ ನಡೆಯುತ್ತಿತ್ತು. ಅವನಿಗೆ ಉದ್ಯೋಗವಿರಲಿಲ್ಲ, ಸಂಪರ್ಕಗಳಿದ್ದವು. ಸಂಜೆ ಶುದ್ಧಣ್ಣನವರು ತಮ್ಮ ಕಟ್ಟಡದ ಬಾಗಿಲಿಗೆ ಬರುವಷ್ಟರಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ ಮೆಟ್ಟಿಲ ಬಳಿ ಕಾಯುತ್ತಿದ್ದರು. ನಿವೃತ್ತ ಹೆಡ್‌ಮಾಸ್ತರು, ಯಾರೊಡನೆ ಮಾತಾಡಿದರೂ ಎದುರಿಗಿರುವವರು ಹೋಮ್‌ವರ್ಕ್ ಮಾಡಿಲ್ಲವೆಂಬ ಅನುಮಾನ ಅವರ ದನಿಯಲ್ಲಿರುತ್ತಿತ್ತು.

"ಬನ್ನಿ ಬನ್ನಿ. ಮೂರು ಗಂಟೆ ಕೆಲಸಾನ ಸೊನ್ನೆಗೆ ಇಳಿಸಿದ್ರಂತೆ?"

"ಏನೋ, ಆಯ್ತು ಸಾರ್."

"ನಮ್ಮ ಲಿಫ್ಟು ಕೆಳಗಿಂದ ಮೇಲಕ್ಕೆ ಹೋಗೋದ್ರೊಳಗೆ ನಾನೊಂದು ಪಾಠ ಮುಗಿಸ್ಬಹುದು. ಅದನ್ನೂ ಒಂಚೂರು ನೋಡ್ಬಿಡಿ."

"ಸಾರ್, ಲಿಫ್ಟಿಗೂ ನನ್ನ ಕೆಲಸಕ್ಕೂ ಸಂಬಂಧ ಇಲ್ಲ. ಅದು ಮೋಟಾರು, ಹಗ್ಗ..."

"ಸೊನ್ನೆಗೆ ಇಳಿಸಿ ಅಂತ ನಾನು ಕೇಳ್ತಾ ಇಲ್ಲ. ಅರ್ಧ ಮಾಡಿ ಸಾಕು."

ಹಿಂದಿನಿಂದ ಭಾವಮೈದ ಬಾಯಿ ಹಾಕಿದ. "ಶುಕ್ರವಾರ ಆಗ್ಲಿ ಸಾರ್. ಭಾವನ ತಲೆ ಈಗ ಬಿಸಿ ಇದೆ. ಆಮೇಲೆ ಲಿಫ್ಟು, ನೀರಿನ ಪಂಪು, ಎಲ್ಲಾ ಮಾಡಿಸ್ಕೊಡೋ ಜವಾಬ್ದಾರಿ ನಂದು."

ಬುಧವಾರ ಪಕ್ಕದ ಮೇಜಿನ ಸಹೋದ್ಯೋಗಿ ಮಹಿಳೆ ಒಂದು ಪ್ರಶ್ನೆ ಕೇಳಿದರು. ಆ ವಿಭಾಗದಲ್ಲಿ ಇದ್ದವರು ಇಬ್ಬರೇ, ಶುದ್ಧಣ್ಣನವರು ಮತ್ತು ಅವರು. ವಿಭಾಗ ಮುಚ್ಚಿದರೆ ನೆಲಮಾಳಿಗೆಯಲ್ಲಿ ಅವರಿಗೂ ಒಂದು ಕುರ್ಚಿ ಹಾಕುವುದೆಂದು ಮಾತಾಗಿತ್ತು.

"ಅಲ್ಲಾ ಸಾರ್, ಎಲ್ಲಾರೂ ಸೊನ್ನೆನೇ ನೋಡಿ ಹೋಗ್ತಿದ್ದಾರೆ. ನಾನು ಹಂಚಿರೋದನ್ನ ನೋಡ್ಲೇ ಇಲ್ಲ. ಒಂದು ಬಸ್ಸಿಂದು ತೋರಿಸಿ."

"ಅದಕ್ಕೇನಂತೆ" ಎಂದು ಶುದ್ಧಣ್ಣನವರು ತೋರಿಸಲು ಹೇಳಿದರು.

ಮೊದಲು ಕಂಪ್ಯೂಟರಿನ ಫ್ಯಾನು ಜೋರಾಯಿತು. ಆಮೇಲೆ ಮೌಸಿನ ಬಾಣ ನಿಂತಲ್ಲೇ ನಿಂತಿತು. ಮೇಜು ಸಣ್ಣಗೆ ನಡುಗತೊಡಗಿತು. ಸಹೋದ್ಯೋಗಿ ತಮ್ಮ ನೀರಿನ ಬಾಟಲಿಯನ್ನು ಎತ್ತಿ ದೂರ ಇಟ್ಟುಕೊಂಡರು. ಕಾಲು ಗಂಟೆಯ ಮೇಲೆ, ಮೆಮೊರಿ ತುಂಬಿಹೋಯಿತು ಎಂಬ ಒಂದು ಸಾಲನ್ನು ಬರೆದು ಪ್ರೋಗ್ರಾಂ ಪ್ರಾಣ ಬಿಟ್ಟಿತು.

"ಏನಾಯ್ತು?"

ಶುದ್ಧಣ್ಣನವರು ಡ್ರಾಯರಿನಿಂದ ದಪ್ಪ ಪುಸ್ತಕ ತೆಗೆದು, ಬಿಟ್ಟಿದ್ದ ಅಧ್ಯಾಯವನ್ನು ಓದಿದರು. ಓದಿ ಮುಗಿಸುವಷ್ಟರಲ್ಲಿ ಅವರ ಮುಖ ಆ ಪುಟದ ಬಣ್ಣಕ್ಕೆ ಬಂದಿತ್ತು.

"ಇದು ಏನೂ ಮಾಡಿಲ್ಲಮ್ಮ. ಸೋಮವಾರದಿಂದ ಏನೂ ಮಾಡಿಲ್ಲ. ಮಾಡ್ತೀನಿ ಅಂದಿದೆ ಅಷ್ಟೆ. ಮೊದಲನೇ ಡ್ರೈವರ್ ಲೆಕ್ಕಕ್ಕೆ ಒಂದು ಚೀಟಿ. ಎರಡನೆಯವನಿಗೆ, 'ಮೊದಲನೇದು ಆದ್ಮೇಲೆ' ಅಂತ ಇನ್ನೊಂದು ಚೀಟಿ. ಮೂರನೆಯವನಿಗೆ 'ಎರಡನೇದು ಆದ್ಮೇಲೆ'. ಈಗ ನೀವು ಕೇಳಿದ್ರಿ ನೋಡಿ, ಎಲ್ಲಾ ಚೀಟಿನೂ ಒಂದೇ ಸಲ ಬಿಚ್ಚೋಕೆ ಹೋಗಿ ಉಸಿರು ಕಟ್ಟಿ ಸತ್ತಿದೆ."

"ಹಾಗಾದ್ರೆ ಮ್ಯಾನೇಜರಿಗೆ ಹೇಳ್ಬಿಡಿ ಸಾರ್. ಶುಕ್ರವಾರ ಹಳೇ ಪ್ರೋಗ್ರಾಮೇ ಓಡಿಸೋಣ. ಮಾನ ಹೋಗತ್ತೆ, ಬಸ್ಸಾದ್ರೂ ಹೋಗತ್ತೆ."

ಶುದ್ಧಣ್ಣನವರು ಮ್ಯಾನೇಜರ ಕೋಣೆಗೆ ಹೋದರು. ಅಲ್ಲಿ ನಡೆದ ಮಾತುಕತೆ ಇಷ್ಟು.

"ಸಾರ್, ನನ್ನ ಪ್ರೋಗ್ರಾಂ ಏನೂ ಮಾಡಿಲ್ಲ."

"ಹ್ಹ ಹ್ಹ! ದೊಡ್ಡವರೆಲ್ಲಾ ಹೀಗೇ ಹೇಳೋದು."

"ಇಲ್ಲ ಸಾರ್, ನಿಜವಾಗ್ಲೂ. ಅದು ಸೋಮಾರಿ ಭಾಷೆ."

"ನೋಡ್ರೀ, ಸೋಮಾರಿಗಳ ಹತ್ರ ಕೆಲಸ ತೆಗೆಯೋದೇ ಕಲೆ. ನಾನು ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಿರೋದು."

"ಸಾರ್, ಸೊನ್ನೆ ಸುಳ್ಳು. ಹಳೇ ಪ್ರೋಗ್ರಾಮೇ ಓಡಿಸೋಣ."

ಮ್ಯಾನೇಜರು ನಕ್ಕು ಎದ್ದು ಅವರ ಹೆಗಲ ಮೇಲೆ ಕೈಯಿಟ್ಟರು. "ಹಳೇದು ಎಲ್ಲಿದೆ ಅಂತ ಓಡಿಸ್ತೀರಿ? ಶುಕ್ರವಾರ ಮೇಡಂ ಬರ್ತಾರೆ, ಕುರ್ಚಿ ಹಾಕೋಕೆ ಜಾಗ ಬೇಡ್ವಾ? ಆ ಹಳೇ ಮಷೀನು ಬೆಳಿಗ್ಗೇನೇ ಗುಜರಿಯವನಿಗೆ ಕೊಟ್ಟೆ. ಅವನು ಎತ್ತೋಕೆ ಒದ್ದಾಡಿದ ನೋಡಿ, ಏನು ಭಾರ ಅಂತೀರಿ!"

ಗುಜರಿ ಅಂಗಡಿ ಎರಡು ಬೀದಿ ಆಚೆ. ಶುದ್ಧಣ್ಣನವರು ಹೋಗಿ ನೋಡಿದಾಗ ಹಳೆಯ ಯಂತ್ರದ ಪೆಟ್ಟಿಗೆ ಒಂದು ಕಡೆ, ಕರುಳು ಒಂದು ಕಡೆ ಇತ್ತು. ಡಿಸ್ಕನ್ನು ಸುತ್ತಿಗೆಯಿಂದ ತೆರೆದಿದ್ದರು. ಒಳಗಿನ ಆಯಸ್ಕಾಂತ ಒಳ್ಳೆಯದೆಂದು ಗುಜರಿಯವರು ಹೇಳಿದರು. ಬೇಕಾದರೆ ಕೊಂಡುಹೋಗಿ ಎಂದರು.

ಅಂದರೆ ಬುಧವಾರ ಸಂಜೆಯ ಸ್ಥಿತಿ ಹೀಗಿತ್ತು: ಶನಿವಾರ ಡಿಪೋದ ಗೋಡೆಗೆ ಮುಂದಿನ ವಾರದ ಹಂಚಿಕೆ ಅಂಟಬೇಕು. ಅದನ್ನು ಮಾಡಬಲ್ಲ ಯಂತ್ರ ಗುಜರಿಯಲ್ಲಿತ್ತು. ಮಾಡಲಾರದ ಯಂತ್ರಕ್ಕೆ ಶುಕ್ರವಾರ ಸಮಾರಂಭವಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಶುದ್ಧಣ್ಣನವರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವರು ಕೈಯಲ್ಲಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು ಪೂರ್ತಿ ಕೇಳಿದರು.

"ಅಂದ್ರೆ, ಕೆಲಸ ಹೇಳಿದ್ರೆ 'ಆಯ್ತು' ಅನ್ನತ್ತೆ. ಮಾಡಲ್ಲ."

"ಹೂಂ."

"'ಮಾಡಿದ್ಯಾ, ತೋರಿಸು' ಅಂದಾಗ್ಲೇ ಎದ್ದೇಳತ್ತೆ."

"ಹೂಂ."

"ಅಷ್ಟರಲ್ಲಿ ಕೆಲಸ ಗುಡ್ಡೆ ಬಿದ್ದಿರತ್ತೆ. ಮಾಡೋಕಾಗ್ದೆ ಮಲಗಿಬಿಡತ್ತೆ."

"ಹೌದು ಕಣೇ. ಇಷ್ಟು ಸರಿಯಾಗಿ ನಿಂಗೆ ಹೇಗೆ ಅರ್ಥವಾಯ್ತು?"

ಹೆಂಡತಿ ತಮ್ಮನ ಕಡೆ ನೋಡಿದರು. ಅವನು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ.

"ಯಾಕಕ್ಕಾ ಹಾಗೆ ನೋಡ್ತೀಯ? ಕರೆಂಟ್ ಬಿಲ್ಲಾ? ಆಯ್ತು ಅಂದ್ನಲ್ಲ!" ಎಂದ ಅವನು ಭಾವನ ಕಡೆ ತಿರುಗಿದ. "ಭಾವ, ನೀವು ಸುಮ್ನೆ ತಲೆ ಕೆಡಿಸ್ಕೋಬೇಡಿ. ಶುಕ್ರವಾರ ಸೋಮವಾರದ್ದನ್ನೇ ತೋರಿಸಿ. ಗುಂಡಿ ಒತ್ತಿ, ಸೊನ್ನೆ ಬರತ್ತೆ, ಚಪ್ಪಾಳೆ, ಚಹಾ. ಉತ್ತರ ಯಾರು ಕೇಳ್ತಾರೆ? ಮೀಟಿಂಗಲ್ಲಿ ಉತ್ತರ ಕೇಳೋದನ್ನ ಎಲ್ಲಾದ್ರೂ ನೋಡಿದ್ದೀರಾ?"

"ಸೋಮವಾರ ಬಸ್ಸು ಯಾರು ಓಡಿಸ್ತಾರೋ?"

"ಅದು ಸೋಮವಾರದ ಪ್ರಶ್ನೆ ಭಾವ. ನಾವಿನ್ನೂ ಶುಕ್ರವಾರಕ್ಕೇ ಬಂದಿಲ್ಲ."

ಹೆಂಡತಿ ಅನ್ನದ ಪಾತ್ರೆಯನ್ನು ತಮ್ಮನ ಕೈಗೆಟುಕದ ಜಾಗಕ್ಕೆ ಸರಿಸಿದರು. "ರೀ, ಇದನ್ನ ಸರಿ ಮಾಡೋಕಾಗತ್ತೋ ಇಲ್ವೋ?"

"ಆಗತ್ತೆ. ಹೆಜ್ಜೆಹೆಜ್ಜೆಗೂ ನಿಲ್ಲಿಸಿ, 'ಇದನ್ನ ಮುಗಿಸಿ ಮುಂದೆ ಹೋಗು' ಅಂತ ಹೇಳ್ಬೇಕು. ಆದ್ರೆ ಸೊನ್ನೆ ಬರಲ್ಲ. ಎಷ್ಟು ಹೊತ್ತು ಹಿಡಿಯತ್ತೋ ಗೊತ್ತಿಲ್ಲ."

"ಹಿಡೀಲಿ ಬಿಡಿ. ಮಾಡೋ ಕೆಲಸ ಹೊತ್ತು ಹಿಡಿಯತ್ತೆ."

ಗುರುವಾರ ಶುದ್ಧಣ್ಣನವರು ಹಾಗೆಯೇ ಮಾಡಿದರು. ಒಬ್ಬ ಡ್ರೈವರಿನ ಲೆಕ್ಕ ಪೂರ್ತಿ ಮುಗಿಯದೆ ಇನ್ನೊಬ್ಬನದಕ್ಕೆ ಹೋಗಕೂಡದೆಂದು ಪ್ರೋಗ್ರಾಮಿಗೆ ಕಟ್ಟು ಹಾಕಿದರು. ಚೀಟಿಗಳು ಗುಡ್ಡೆ ಬೀಳುವುದು ನಿಂತಿತು. ಈ ಸಲ ಅದು ಸಾಯಲಿಲ್ಲ. ನಲವತ್ತು ನಿಮಿಷ ಓಡಿ, ಉತ್ತರವನ್ನು ಕೊಟ್ಟಿತು. ಸಹೋದ್ಯೋಗಿ ಅದನ್ನು ನೋಡಿ, ಇದು ಡ್ರೈವರುಗಳ ಹೆಸರೇ ಹೌದೆಂದು ಖಚಿತಪಡಿಸಿದರು.

"ನಲವತ್ತು ನಿಮಿಷ! ಮೂರು ಗಂಟೆಗಿಂತ ಎಷ್ಟೋ ವಾಸಿ ಅಲ್ವಾ ಸಾರ್?"

"ಮೂರು ಗಂಟೆಗಿಂತ ವಾಸಿ. ಸೊನ್ನೆಗಿಂತ?"

ಶುದ್ಧಣ್ಣನವರು ಪ್ರೋಗ್ರಾಮನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ಊಟದ ಹೊತ್ತು ಮೀರಿದ ಮೇಲೆ ತಪ್ಪು ಸಿಕ್ಕಿತು. ಡ್ರೈವರುಗಳನ್ನು ಅವರು ಒಂದು ಉದ್ದ ಸರಪಳಿಯಾಗಿ ಪೋಣಿಸಿದ್ದರು. ಕೊನೆಯವನು ಬೇಕೆಂದರೂ ಪ್ರೋಗ್ರಾಂ ಮೊದಲನೆಯವನಿಂದ ಕೊಂಡಿಕೊಂಡಿಯಾಗಿ ನಡೆದು ಹೋಗುತ್ತಿತ್ತು. ನಾಲ್ಕನೆಯ ಮಹಡಿಯವರಿಗೆ ಕಾಗದ ಕೊಡಲು ಬಂದ ಅಂಚೆಯವನು ಕೆಳಗಿನಿಂದ ಪ್ರತಿ ಮನೆಯ ಗಂಟೆ ಒತ್ತಿ, "ನೀವೇನಾ? ಅಲ್ವಾ? ಸರಿ" ಎನ್ನುತ್ತ ಮೇಲೇರಿದಂತೆ. ಅದೂ ಪ್ರತಿ ಕಾಗದಕ್ಕೂ ಹೊಸದಾಗಿ. ಶುದ್ಧಣ್ಣನವರು ಸರಪಳಿಯನ್ನು ಬಿಚ್ಚಿ, ಸಂಖ್ಯೆ ಹೇಳಿದರೆ ಎಡಕ್ಕೋ ಬಲಕ್ಕೋ ತಿರುಗಿ ನೇರ ಬಾಗಿಲಿಗೆ ಹೋಗುವಂತೆ ಕವಲುಕವಲಾದ ಮರದ ರೂಪದಲ್ಲಿ ಅವರನ್ನು ಜೋಡಿಸಿದರು. ಕಚೇರಿ ಮುಚ್ಚುವ ಮುಂಚೆ ಮತ್ತೆ ಓಡಿಸಿದರು.

ನಾಲ್ಕು ನಿಮಿಷ.

ಮೂರು ಗಂಟೆ ನಾಲ್ಕು ನಿಮಿಷಕ್ಕೆ ಇಳಿಯುವುದು ಆ ಕಸುಬಿನಲ್ಲಿ ಸಣ್ಣ ಮಾತಲ್ಲ. ಬೇರೆ ಯಾವ ವಾರದಲ್ಲಾದರೂ ಅದಕ್ಕಾಗಿ ಶುದ್ಧಣ್ಣನವರಿಗೆ ಕ್ಯಾಂಟೀನಿನಲ್ಲಿ ಚಹಾ ಪುಕ್ಕಟೆ ಸಿಗುತ್ತಿತ್ತು. ಆದರೆ ಈ ವಾರ, ಕಟ್ಟಡದಲ್ಲಿದ್ದ ಎಲ್ಲರ ಲೆಕ್ಕದಲ್ಲಿ, ಅವರ ಪ್ರೋಗ್ರಾಂ ನಾಲ್ಕು ನಿಮಿಷ ನಿಧಾನವಾಗಿತ್ತು.

ಶುಕ್ರವಾರ ಹನ್ನೊಂದಕ್ಕೆ ಸಭೆ. ಗೋಡೆಯ ಮೇಲೆ ದೊಡ್ಡ ಪರದೆ ಕಟ್ಟಿದ್ದರು. ಮುಂದಿನ ಸಾಲಿನಲ್ಲಿ ಮುಖ್ಯಾಧಿಕಾರಿ ಮೇಡಂ. ಹೆಚ್ಚು ಮಾತಾಡುವವರಲ್ಲ; ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಯಾರದಾದರೂ ವರ್ಗಾವಣೆ ಎಂದು ಕಚೇರಿಯಲ್ಲಿ ನಂಬಿಕೆ. ಅವರ ಎಡಕ್ಕೆ ಡಿಪೋದ ಡ್ಯೂಟಿ ಸೂಪರ್‌ವೈಸರ್, ಬಲಕ್ಕೆ ಮ್ಯಾನೇಜರು. ಹಿಂದಿನ ಸಾಲಿನಲ್ಲಿ ಭಾವಮೈದನೂ ನಿವಾಸಿಗಳ ಸಂಘದ ಕಾರ್ಯದರ್ಶಿಯೂ ಇದ್ದರು. ಅವರನ್ನು ಯಾರು ಕರೆದರೆಂಬುದು ಇಂದಿಗೂ ತಿಳಿದಿಲ್ಲ.

"ಮೇಡಂ, ದಯವಿಟ್ಟು ಗಮನ ಇಟ್ಟು ನೋಡಿ" ಎಂದರು ಮ್ಯಾನೇಜರು. "ಕಣ್ಣು ಮಿಟುಕಿಸಿದ್ರೆ ತಪ್ಪಿಹೋಗತ್ತೆ."

ಶುದ್ಧಣ್ಣನವರು ಗುಂಡಿ ಒತ್ತಿದರು.

ಎಲ್ಲರೂ ಕಣ್ಣು ಮಿಟುಕಿಸದೆ ಕೂತರು. ಪರದೆ ಖಾಲಿಯಿತ್ತು. ಸೂಪರ್‌ವೈಸರ ಕಣ್ಣಲ್ಲಿ ನೀರು ಬಂತು.

"ಈಗ ಮಿಟುಕಿಸ್ಬಹುದಾ?" ಎಂದು ಅವರು ಕೇಳಿದರು.

"ಮಿಟುಕಿಸಿ, ಮಿಟುಕಿಸಿ" ಎಂದರು ಮ್ಯಾನೇಜರು. ಎಲ್ಲರೂ ಮಿಟುಕಿಸಿದರು. ಪರದೆ ಖಾಲಿಯಿತ್ತು. "ಇನ್ನೊಂದ್ಸಲ."

"ಸ್ವಲ್ಪ ನಿಧಾನವಾಗಿ ಮಿಟುಕಿಸ್ಬೇಕು" ಎಂದು ಹಿಂದಿನಿಂದ ಭಾವಮೈದ ಸಲಹೆ ಕೊಟ್ಟ.

ಒಂದು ನಿಮಿಷ ಕಳೆಯಿತು. ಖಾಲಿ ಪರದೆಯನ್ನು ನೋಡುತ್ತ ಅಧಿಕಾರಿಗಳು ಒಂದು ನಿಮಿಷ ಸುಮ್ಮನೆ ಕೂರುವುದು ಸಾಮಾನ್ಯವಾಗಿ ಯಾರಾದರೂ ತೀರಿಕೊಂಡಾಗ ಮಾತ್ರ. ಆ ನೆನಪಿನಿಂದಲೋ ಏನೋ, ಸಂಘದ ಕಾರ್ಯದರ್ಶಿ ಎದ್ದು ನಿಂತರು. ಅವರನ್ನು ಕಂಡು ಇನ್ನಿಬ್ಬರು ಎದ್ದರು. ಮ್ಯಾನೇಜರು ಕೈಸನ್ನೆ ಮಾಡಿ ಕೂರಿಸಿದರು. ಆಮೇಲೆ ಶುದ್ಧಣ್ಣನವರ ಕಿವಿಯ ಬಳಿ ಬಗ್ಗಿದರು.

"ಏನ್ರೀ ಇದು? ನನ್ನ ಮರ್ಯಾದೆ ಪ್ರಶ್ನೆ. ಸೋಮವಾರದ್ದನ್ನ ಹಾಕ್ರೀ!"

ಪಿಸುಮಾತನ್ನು ಎಲ್ಲರೂ ಕೇಳಿಸಿಕೊಂಡರು. ಮೇಡಂ ಕೂಡ.

"ಸೋಮವಾರದ್ದು ಅಂದ್ರೆ ಏನು?"

ಶುದ್ಧಣ್ಣನವರು ಎದ್ದು ನಿಂತರು.

"ಮೇಡಂ, ಸೋಮವಾರ ಸೊನ್ನೆ ಬಂದಿದ್ದು ನಿಜ. ಆದ್ರೆ ಅವತ್ತು ಅದು ಕೆಲಸಾನೇ ಮಾಡಿರ್ಲಿಲ್ಲ. ಮಾಡ್ತೀನಿ ಅಂತ ಹೇಳಿತ್ತು ಅಷ್ಟೆ. ನಂಗೆ ಗೊತ್ತಾಗ್ಲಿಲ್ಲ. ಗೊತ್ತಾಗದೇ ಎಲ್ಲರಿಗೂ ಹೇಳಿಬಿಟ್ಟೆ."

"ಈಗ ಏನ್ ಮಾಡ್ತಿದೆ?"

"ಈಗ ಮಾಡ್ತಿದೆ ಮೇಡಂ. ಅದಕ್ಕೇ ಹೊತ್ತು ಹಿಡೀತಿದೆ."

"ಎಷ್ಟು?"

"ಒಟ್ಟು ನಾಲ್ಕು ನಿಮಿಷ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದ ಮೇಜಿನ ಸಹೋದ್ಯೋಗಿ ಕಣ್ಣು ಮುಚ್ಚಿಕೊಂಡರು.

"ನನಗೆ ಕಣ್ಣು ಮಿಟುಕಿಸೋ ಮೊದಲೇ ಅಂದವರು ಯಾರು?"

ಮ್ಯಾನೇಜರು ಸೂಪರ್‌ವೈಸರನ್ನು ನೋಡಿದರು. ಸೂಪರ್‌ವೈಸರ್ ಚಾವಣಿಯನ್ನು ನೋಡಿದರು. "ಮೇಡಂ, ಅದು... ಒಟ್ಟಾರೆ ಅಭಿಪ್ರಾಯ ಹಾಗಿತ್ತು" ಎಂದರು ಮ್ಯಾನೇಜರು.

"ನನಗಂತೂ ನಂಬಿಕೆ ಬಂದಿರ್ಲಿಲ್ಲ. ಈ ಕಚೇರೀಲಿ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯೋದು ಮೀಟಿಂಗಿನ ಬಿಸ್ಕತ್ತು ಒಂದೇ."

ಯಾರು ನಗಬೇಕೆಂದು ತಿಳಿಯದೆ ಯಾರೂ ನಗಲಿಲ್ಲ. ಅಷ್ಟರಲ್ಲಿ ಪರದೆ ತುಂಬಿತು. ಬಸ್ಸಿನ ಸಂಖ್ಯೆಗಳು, ಹೆಸರುಗಳು, ಪಾಳಿಗಳು ಸಾಲುಸಾಲಾಗಿ ಇಳಿದವು. ಭಾವಮೈದ ಒಬ್ಬನೇ ಚಪ್ಪಾಳೆ ತಟ್ಟಿ, ಒಬ್ಬನೇ ನಿಲ್ಲಿಸಿದ.

ಸೂಪರ್‌ವೈಸರ್ ಎದ್ದು ಪರದೆಯ ಬಳಿ ಹೋಗಿ ಬೆರಳಿಟ್ಟು ಓದತೊಡಗಿದರು. ಮೂವತ್ತು ವರ್ಷ ಡ್ರೈವರುಗಳ ಜಗಳ ಬಿಡಿಸಿದವರು ಅವರು. ಯಾರಿಗೆ ಯಾವ ಪಾಳಿ ಕೊಟ್ಟರೆ ಯಾವ ಕಿಟಕಿಯ ಗಾಜು ಒಡೆಯುತ್ತದೆಂದು ಬಲ್ಲವರು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

"ಇದು ತಪ್ಪು."

ಶುದ್ಧಣ್ಣನವರು ಪರದೆಯ ಬಳಿ ಬಂದರು. "ಯಾವ್ದು ಸಾರ್?"

"ಇವರು ಹೋದ ತಿಂಗಳೇ ರಿಟೈರ್ ಆದ್ರು. ನಾನೇ ಕೈಕುಲುಕಿ ಕಳಿಸಿದ್ದೆ. ಇವರಿಗೆ ಸೋಮವಾರ ಬೆಳಿಗ್ಗೆ ಮೊದಲನೇ ಬಸ್ಸು ಕೊಟ್ಟಿದ್ದೀರಿ."

"ಸಾರ್, ಕೊಟ್ಟಿರೋ ಹೆಸರುಗಳಲ್ಲಿ ಅವರ ಹೆಸರೂ ಇತ್ತು. ಪ್ರೋಗ್ರಾಂ ತಾನಾಗಿ ಯಾರನ್ನೂ ಸೇರ್ಸಲ್ಲ, ಬಿಡಲ್ಲ."

"ಹೆಸರು ಕೊಟ್ಟವರು ಯಾರು?" ಎಂದರು ಮೇಡಂ.

ಹೆಸರುಗಳನ್ನು ತಿಂಗಳಿಗೊಮ್ಮೆ ಸರಿಪಡಿಸಿ ಕೊಡುವುದು ಮ್ಯಾನೇಜರ ಕೆಲಸ. ಅವರು ಹಣೆ ಒರೆಸಿಕೊಂಡರು. "ಮಾಡ್ಬೇಕು ಅಂತ ಇದ್ದೆ ಮೇಡಂ."

"ಸರಿ, ಆ ಹೆಸರು ತೆಗೀರಿ. ಮುಂದೆ?"

"ತೆಗೆದು ಮತ್ತೆ ಓಡಿಸ್ಬೇಕು ಮೇಡಂ" ಎಂದರು ಶುದ್ಧಣ್ಣನವರು. "ಒಬ್ಬರು ಹೋದ್ರೆ ಎಲ್ಲರ ಪಾಳಿನೂ ಜರುಗತ್ತೆ. ಇನ್ನೊಂದು ನಾಲ್ಕು ನಿಮಿಷ."

"ಹಳೇದ್ರಲ್ಲಿ ಇಂಥ ತಪ್ಪು ಸಿಕ್ಕಿದ್ರೆ ಏನ್ ಮಾಡ್ತಿದ್ರಿ?"

ಉತ್ತರ ಕೊಟ್ಟವರು ಸೂಪರ್‌ವೈಸರ್. "ಮತ್ತೆ ಮೂರು ಗಂಟೆ ಯಾರು ಕಾಯ್ತಾರೆ ಮೇಡಂ? ಪೆನ್ಸಿಲಲ್ಲಿ ತಿದ್ತಿದ್ವಿ. ಇಲ್ಲಿ ತಿದ್ದಿದ್ರೆ ಅಲ್ಲಿ ಇಬ್ಬರು ಒಂದೇ ಬಸ್ಸಿಗೆ ಬರೋರು. ಇನ್ನೊಂದು ಬಸ್ಸಿಗೆ ಯಾರೂ ಇಲ್ಲ. ಸೋಮವಾರ ಬೆಳಿಗ್ಗೆ ನನ್ನ ಅಂಗಿ ಗುಂಡಿ ಉಳಿದಿದ್ದೇ ಕಮ್ಮಿ."

"ಪ್ರತಿ ವಾರಾನಾ?"

"ನೀವು ಜನರ ದೂರು ಅಂತ ಓದ್ತೀರಲ್ಲ ಮೇಡಂ, ಅದು ನಮ್ಮ ಪೆನ್ಸಿಲ್ಲು."

ಮೇಡಂ ಕನ್ನಡಕವನ್ನು ಹಾಕಿಕೊಂಡರು. "ಓಡಿಸಿ. ಕೂತಿರ್ತೀನಿ."

ಶುದ್ಧಣ್ಣನವರು ಹೆಸರನ್ನು ತೆಗೆದು ಎರಡನೆಯ ಸಲ ಗುಂಡಿ ಒತ್ತಿದರು. ಈ ಸಲ ಯಾರೂ ಕಣ್ಣಿನ ಬಗ್ಗೆ ಮಾತಾಡಲಿಲ್ಲ. ಚಹಾ ಬಂತು, ಕಾಯುವವರಿಗೆ ಶುದ್ಧಣ್ಣನವರು ಸರಪಳಿ, ಅಂಚೆಯವನು, ಮರ ಎಲ್ಲದರ ಕಥೆ ಹೇಳಿದರು. ಬಿಸ್ಕತ್ತಿನ ತಟ್ಟೆ ಮೇಡಂ ಹೇಳಿದ್ದಕ್ಕಿಂತ ಸ್ವಲ್ಪ ನಿಧಾನವಾಗಿ, ಸಂಕೋಚದಿಂದ ಖಾಲಿಯಾಯಿತು. ಮೇಡಂ ಅರ್ಧ ಬಟ್ಟಲು ಕುಡಿಯುವಷ್ಟರಲ್ಲಿ ಪರದೆ ಮತ್ತೆ ತುಂಬಿತು. ಸೂಪರ್‌ವೈಸರ್ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದರು, ತಿರುಗಿ ಬಂದು ಕೂತರು.

"ಜಗಳಕ್ಕೆ ಏನೂ ಇಲ್ಲ ಮೇಡಂ" ಎಂದರು. ಅವರ ದನಿಯಲ್ಲಿ ತುಸು ಬೇಸರವಿತ್ತು.

ಹೊರಗಿನ ಕಂಪನಿಯ ಮಾತನ್ನು ಮೇಡಂ ಅಲ್ಲಿಗೇ ಮುಗಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಶುದ್ಧಣ್ಣನವರಿಗೆ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಸೊನ್ನೆ ಬಂದ್ರೆ ಫೋನ್ ಮಾಡಿಸ್ಬೇಡಿ. ಬೇರೆ ಏನ್ ಬಂದ್ರೂ ಮಾಡಿಸಿ."

ಅವರು ಕಾರಿಡಾರು ದಾಟುವಷ್ಟರಲ್ಲಿ ಕಾರ್ಯದರ್ಶಿಗಳು ಶುದ್ಧಣ್ಣನವರ ತೋಳು ಹಿಡಿದರು. "ಎಲ್ಲಾ ಕೇಳಿಸ್ಕೊಂಡೆ. ನಮ್ಮ ಲಿಫ್ಟೂ ಬಹುಶಃ ಪ್ರತಿ ಮಹಡೀಲೂ ನಿಂತು ವಿಚಾರಿಸ್ತಾ ಹೋಗತ್ತೆ ಅನ್ಸತ್ತೆ. ಆ ಮರದ ಉಪಾಯ ಅದಕ್ಕೂ ಮಾಡಿ ನೋಡ್ಬಹುದಲ್ಲ?"

ಸಂಜೆ ಅಂಗಡಿಯ ಬಾಗಿಲು ಎಳೆಯುತ್ತಿದ್ದ ಹೆಂಡತಿ, ಗಂಡ ಬರುವುದನ್ನು ಕಂಡು ಕೈ ನಿಲ್ಲಿಸಿದರು.

"ಏನಾಯ್ತು ರೀ?"

"ಆಯ್ತು."

"ಆಯ್ತು ಅಂದ್ರೆ ಆಗಿದೆಯಾ, ಆಗತ್ತಾ?"

"ಆಗಿದೆ ಕಣೇ. ವಿಭಾಗ ಮುಚ್ಚಲ್ಲ. ಇಲ್ಲೇ ಇರ್ತೀನಿ."

ಹೆಂಡತಿ ಬಾಗಿಲನ್ನು ಪೂರ್ತಿ ಎಳೆದು ಬೀಗ ಹಾಕಿದರು. ದಾರಿಯುದ್ದಕ್ಕೂ ಶುದ್ಧಣ್ಣನವರು ಸರಪಳಿ ಮತ್ತು ಮರದ ವ್ಯತ್ಯಾ​ಸವನ್ನು ವಿವರಿಸಿದರು. ಹೆಂಡತಿ ಅರ್ಧದವರೆಗೆ ಕೇಳಿಸಿಕೊಂಡರು.

ಶನಿವಾರ ಡಿಪೋದ ಗೋಡೆಗೆ ಹಂಚಿಕೆ ಅಂಟಿತು. ಸೋಮವಾರ ಬೆಳಿಗ್ಗೆ ಐದೂವರೆಗೆ ಮೊದಲ ಬಸ್ಸು ಹೊರಟಿತು. ಅದಕ್ಕೆ ಒಬ್ಬನೇ ಡ್ರೈವರ್ ಇದ್ದ.